ಅರ್ಧ ಗೆರೆಯ ಪಾಠ

ನನ್ನ ಹಳೆಯ ಕಬ್ಬಿಣದ ಪೆಟ್ಟಿಗೆಯಲ್ಲಿ, ಅಂಕಪಟ್ಟಿಗಳ ಕಟ್ಟಿನ ನಡುವೆ, ಬೆರಳಚ್ಚು ಮಾಡಿದ ಒಂದು ಕಾಗದವಿದೆ. ಈ ವಿದ್ಯಾರ್ಥಿಯು ನಮ್ಮ ಕಾರ್ಖಾನೆಯಲ್ಲಿ ಆರು ವಾರಗಳ ಪ್ರಾಯೋಗಿಕ ತರಬೇತಿಯನ್ನು ಪಡೆದಿರುತ್ತಾನೆ, ಈತನ ನಡತೆಯೂ ಕೆಲಸವೂ ತೃಪ್ತಿಕರವಾಗಿದ್ದವು ಎಂಬುದು ಅದರ ಒಕ್ಕಣೆ. ಇಸವಿ 1984. ಮೊಹರಿನ ಶಾಯಿ ಮಾಸಿಹೋಗಿದೆ; ಕಾಗದದ ಮೂಲೆಯಲ್ಲಿ ನನ್ನ ಹೆಬ್ಬೆರಳು ಮೂಡಿಸಿದ ಎಣ್ಣೆಯ ಗುರುತು ಮಾತ್ರ ಇನ್ನೂ ಹಾಗೆಯೇ ಇದೆ. ನಾನು ಗಳಿಸಿದ ಪ್ರಮಾಣಪತ್ರಗಳಲ್ಲೆಲ್ಲ ಸುಳ್ಳು ಹೇಳುವಂಥದು ಇದೊಂದೇ. ಅದನ್ನು ಬರೆದುಕೊಟ್ಟ ಅಧಿಕಾರಿಗಳದು ತಪ್ಪಲ್ಲ. ಅವರಿಗೆ ನಿಜ ತಿಳಿದಿರಲಿಲ್ಲ. ತಿಳಿದಿದ್ದವರು ಇಬ್ಬರು. ಒಬ್ಬರು ಹೇಳಲಿಲ್ಲ, ಇನ್ನೊಬ್ಬನಿಗೆ ಹೇಳುವ ಧೈರ್ಯವಿರಲಿಲ್ಲ. ಆ ಇನ್ನೊಬ್ಬನೇ ಈ ಲೇಖಕ.

ನಾನಾಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಡಿಪ್ಲೊಮಾದ ಎರಡನೆಯ ವರ್ಷವನ್ನು ಮುಗಿಸಿದ್ದ ಹತ್ತೊಂಬತ್ತರ ಹುಡುಗ. ತಂದೆಯವರು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯರು. ಮನೆಯಲ್ಲಿ ಇದ್ದ ಯಂತ್ರಗಳೆಂದರೆ ಒಂದು ಗೋಡೆ ಗಡಿಯಾರ, ಒಂದು ಹೊಲಿಗೆ ಯಂತ್ರ. ಆದರೂ ನಾನು ಲೇತ್ ಯಂತ್ರದ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲವನಾಗಿದ್ದೆ. ಅದರ ಒಂದೊಂದು ಅಂಗಕ್ಕೂ ಬಾಣದ ಗುರುತನ್ನಿಟ್ಟು, ಹೆಸರನ್ನು ಬರೆದು, ಹತ್ತಕ್ಕೆ ಒಂಬತ್ತು ಅಂಕಗಳನ್ನು ಪಡೆದಿದ್ದೆ. ಯಂತ್ರವೆಂಬುದು ಎಡಗಡೆಯಿಂದ ಬಲಗಡೆಗೆ ಹೆಸರುಗಳನ್ನು ಹೊತ್ತು ನಿಂತ ಒಂದು ಚಿತ್ರವೆಂಬ ಭಾವನೆಯಿಂದಲೇ ಆ ವರ್ಷದ ಮೇ ತಿಂಗಳ ಒಂದು ಬೆಳಿಗ್ಗೆ ಕಾರ್ಖಾನೆಯ ಬಾಗಿಲಲ್ಲಿ ನಿಂತೆ.

ಬೆಂಗಳೂರಿನ ಯಶವಂತಪುರವನ್ನು ದಾಟಿ ತುಮಕೂರಿನ ಹಾದಿಯನ್ನು ಹಿಡಿದರೆ ಪೀಣ್ಯ ಸಿಕ್ಕುತ್ತದೆ. ಬೆಂಗಳೂರಿಗೆ 1940ರಲ್ಲಿ ವಿಮಾನ ಕಾರ್ಖಾನೆ ಬಂತು. 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್. ದೊಡ್ಡ ಆಲದ ನೆರಳಿನಲ್ಲಿ ಗಿಡಗಂಟಿಗಳು ಬೆಳೆಯುವುದಿಲ್ಲವೆನ್ನುತ್ತಾರೆ. ಆದರೆ ಈ ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳನ್ನು ಒದಗಿಸುತ್ತ ನೂರಾರು ಸಣ್ಣ ಕಾರ್ಖಾನೆಗಳು ಅವುಗಳ ಸುತ್ತ ಬೆಳೆದವು. ಪೀಣ್ಯ ಅಂಥವುಗಳ ಬೀಡು. ನಾನು ಹೋದ ಕಾರ್ಖಾನೆಯಲ್ಲಿ ಗೇರುಪೆಟ್ಟಿಗೆಗಳಿಗೆ ಬೇಕಾದ ಉಕ್ಕಿನ ದಂಡಗಳನ್ನೂ ಹಲ್ಲುಚಕ್ರಗಳನ್ನೂ ಮಾಡುತ್ತಿದ್ದರು. ಅದರ ಹೆಸರು ಇಲ್ಲಿ ಅವಶ್ಯವಿಲ್ಲ.

ಶಿಷ್ಯವೃತ್ತಿಯಲ್ಲಿ ಎರಡು ಬಗೆ. ಒಂದು, 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ನಡೆಯತಕ್ಕದ್ದು. ಅದಕ್ಕೆ ಕರಾರುಪತ್ರವಿದೆ, ಮಾಸಾಶನವಿದೆ. 1973ರ ತಿದ್ದುಪಡಿಯ ತರುವಾಯ ಪದವೀಧರ ಇಂಜಿನಿಯರುಗಳೂ ಡಿಪ್ಲೊಮಾ ಪಡೆದವರೂ ಅದರ ವ್ಯಾಪ್ತಿಗೆ ಬಂದರು. ಇನ್ನೊಂದು, ನಮ್ಮಂಥ ವಿದ್ಯಾರ್ಥಿಗಳು ರಜೆಯಲ್ಲಿ ಹೋಗಿ ನೋಡಿ ಬರುವುದು. ಮದುವೆಯ ಮನೆಗೆ ಕರೆಯದೆ ಬಂದ ನೆಂಟರಿಗೆ ದೊರೆಯುವ ಮರ್ಯಾದೆಯೇ ನಮಗೂ ದೊರೆಯುತ್ತಿತ್ತು. ಹೊರಗೆ ಹೋಗಿರೆಂದು ಯಾರೂ ಹೇಳುವುದಿಲ್ಲ, ಎಲೆಯ ಮುಂದೆ ಕೂಡಿಸುವುದೂ ಇಲ್ಲ. ಮೊದಲನೆಯ ವಾರವೆಲ್ಲ ನಾನು ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುತ್ತ, ದಾರಿಗೆ ಅಡ್ಡವಾಗಿ ನಿಂತವನೆಂದು ಬೈಸಿಕೊಳ್ಳುತ್ತ, ದಿನಚರಿಯ ಪುಸ್ತಕದಲ್ಲಿ ‘ಇಂದು ಡ್ರಿಲ್ಲಿಂಗ್ ಯಂತ್ರವನ್ನು ವೀಕ್ಷಿಸಿದೆನು’ ಎಂದು ಬರೆಯುತ್ತ ಕಳೆದೆ. ಎರಡನೆಯ ವಾರದಲ್ಲಿ ಕೈಗೆ ಪೊರಕೆ ಬಂತು. ಲೇತ್‌ಗಳ ಕೆಳಗೆ ಬಿದ್ದ ಉಕ್ಕಿನ ಸುರುಳಿಗಳನ್ನು ಗುಡಿಸಿ ತಳ್ಳುಗಾಡಿಗೆ ತುಂಬುವುದು ನನ್ನ ಕೆಲಸವಾಯಿತು. ಊರಿಗೆ ಬರೆದ ಕಾಗದದಲ್ಲಿ ಮಾತ್ರ ‘ಕೆಲಸ ಚೆನ್ನಾಗಿ ನಡೆಯುತ್ತಿದೆ’ ಎಂದೇ ಬರೆದೆ.

ನನ್ನನ್ನು ಆ ಪೊರಕೆಯಿಂದ ಬಿಡಿಸಿದವರು ಸಾಲಿನ ಕೊನೆಯ ಲೇತ್‌ನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯರು. ಹೆಸರಿಡಿದು ಅವರನ್ನು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವರು ‘ಮೇಸ್ತ್ರಿಗಳು’. ವಯಸ್ಸು ಐವತ್ತಾರು, ನಿವೃತ್ತಿಗೆ ಇನ್ನೆರಡೇ ವರ್ಷ. ಹಣೆಯಲ್ಲಿ ವಿಭೂತಿ, ಕಿವಿಯ ಹಿಂದೆ ಸೀಸದ ಕಡ್ಡಿ, ಮೂಗಿನ ತುದಿಯಲ್ಲಿ ಕನ್ನಡಕ. ನಾನು ಸುರುಳಿಯೊಂದನ್ನು ಬರಿಗೈಯಿಂದ ಎಳೆಯಹೋದಾಗ ಅವರು ನನ್ನ ಮಣಿಕಟ್ಟನ್ನು ಹಿಡಿದು ನಿಲ್ಲಿಸಿದರು.

“ಅದು ದಾರ ಅಲ್ಲಪ್ಪ, ಕತ್ತಿ. ಕೊಕ್ಕೆ ಹಾಕಿ ಎಳಿ. ನಿಮ್ಮ ಬುಕ್ಕಲ್ಲಿ ಇದನ್ನ ಬರ್ದಿಲ್ವಾ?”

ಬರೆದಿತ್ತು. ನಾನು ಅದನ್ನು ಉರುಹೊಡೆದೂ ಇದ್ದೆ.

ಅಂದಿನಿಂದ ಅವರ ಲೇತ್ ನನ್ನ ಶಾಲೆಯಾಯಿತು. ತೋಳನ್ನು ಮೊಣಕೈಯ ಮೇಲಕ್ಕೆ ಮಡಚಬೇಕು. ತಿರುಗುವ ಯಂತ್ರದ ಬಳಿ ಕೈಗವಸು ಹಾಕಕೂಡದು. ಚಕ್ಕಿನ ಬೀಗದ ಕೈಯನ್ನು ಚಕ್ಕಿನಿಂದ ಹೊರಗೆ ತೆಗೆಯುವ ತನಕ ಅದರ ಮೇಲಿಂದ ನಮ್ಮ ಕೈ ಬಿಡಕೂಡದು. ಯಾರಾದರೂ ಮರೆತು ಅದನ್ನು ಅಲ್ಲೇ ಬಿಟ್ಟು ಯಂತ್ರವನ್ನು ಚಾಲನೆ ಮಾಡಿದರೆ ಅದು ಕವಣೆಯ ಕಲ್ಲಿನಂತೆ ಹಾರುತ್ತದೆ. ಇವು ಮೊದಲ ಪಾಠಗಳು. ಆಮೇಲೆ ಕೇಳುವ ಪಾಠ. “ಕಣ್ಣು ಮುಚ್ಕೊಂಡು ನಿಂತ್ಕೊ, ಟೂಲು ಏನ್ ಹೇಳ್ತಾ ಇದೆ ಕೇಳು” ಎನ್ನುತ್ತಿದ್ದರು. ಸರಿಯಾಗಿ ಮಸೆದ ಉಳಿ ಉಕ್ಕನ್ನು ಕಡೆಯುವಾಗ ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತದೆ. ಅದು ಮೊಂಡಾಗುತ್ತ ಬಂದಂತೆ ಆ ನಾದದೊಳಗೆ ಒಂದು ಕೀರಲು ಸೇರಿಕೊಳ್ಳುತ್ತದೆ. ಸುರುಳಿಗಳ ಬಣ್ಣ ಒಣಹುಲ್ಲಿನ ಹಳದಿಯಿಂದ ನೀಲಿಗೆ ತಿರುಗುವುದನ್ನು ನೋಡಿ ಉಷ್ಣ ಏರಿದ್ದನ್ನು ತಿಳಿಯಬಹುದು. ಹಾಲಿನಂತೆ ಕಾಣುವ ಎಣ್ಣೆನೀರು ಅದರ ಮೇಲೆ ಬಿದ್ದು ಆವಿಯಾಗಿ ಏಳುವಾಗ ಬರುವ ವಾಸನೆ, ಈ ಸಾಲನ್ನು ಬರೆಯುತ್ತಿರುವಾಗಲೂ ನನ್ನ ಮೂಗಿಗೆ ಬರುತ್ತಿದೆ.

ಆದರೆ ಅವರ ನಿಜವಾದ ಪಾಠ ಅಳತೆಯದು. ಅವರು ಕೆಲಸ ಕಲಿತದ್ದು ಅಂಗುಲದ ಕಾಲದಲ್ಲಿ. ನಮ್ಮ ದೇಶದಲ್ಲಿ ಮೆಟ್ರಿಕ್ ತೂಕ ಅಳತೆಗಳು 1958ರ ಅಕ್ಟೋಬರಿನಿಂದ ಹಂತಹಂತವಾಗಿ ಬಂದವು. ಅದಕ್ಕೆ ಮುಂಚೆ ಅವರ ಕೈ ಅಂಗುಲದ ಸಾವಿರದ ಒಂದು ಪಾಲಿಗೆ, ಅವರ ಭಾಷೆಯಲ್ಲಿ ‘ಒಂದು ಥೌ’ಗೆ, ಪಳಗಿಹೋಗಿತ್ತು. ನಕಾಶೆಯಲ್ಲಿ ಮಿಲಿಮೀಟರು ಬರೆದಿದ್ದರೂ ಅವರ ತುಟಿಗಳು ಅದನ್ನು ಥೌಗೆ ತಿರುಗಿಸಿ ಗುಣುಗುಣಿಸುತ್ತಿದ್ದವು. ಕಡೆದ ದಂಡ ಬಿಸಿಯಾಗಿರುವಾಗ ಅಳೆಯಲು ಬಿಡುತ್ತಿರಲಿಲ್ಲ. ನಲವತ್ತು ಮಿಲಿಮೀಟರ್ ದಪ್ಪದ ಉಕ್ಕಿನ ದಂಡ ಮೂವತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ಒಂದು ಮಿಲಿಮೀಟರಿನ ನೂರನೆಯ ಒಂದೂಕಾಲು ಒಂದೂವರೆ ಪಾಲಿನಷ್ಟು ಉಬ್ಬಿರುತ್ತದೆ. ಉಬ್ಬಿದ್ದನ್ನು ನಿಜವೆಂದು ಅಳೆದು ಕಡೆದರೆ, ಆರಿದ ಮೇಲೆ ದಂಡ ಕುಗ್ಗಿ ನಮ್ಮನ್ನು ನಾಚಿಸುತ್ತದೆ. ನಾನು ಪುಸ್ತಕದ ಸೂತ್ರವನ್ನು ಹಾಕಿ ಲೆಕ್ಕ ಮಾಡಿ ಹೇಳಿದಾಗ ಅವರಿಗೆ ಬಹಳ ಸಂತೋಷವಾಯಿತು. “ಹಂಗಾದ್ರೆ ಬುಕ್ಕಿನೋರೂ ಕೈ ಸುಟ್ಕೊಂಡವ್ರೆ ಅನ್ನು” ಎಂದರು.

ಮೈಕ್ರೊಮೀಟರಿನ ವಿಷಯವನ್ನು ಇಲ್ಲಿ ಸ್ವಲ್ಪ ವಿವರಿಸದೆ ಮುಂದಿನ ಮಾತು ಅರ್ಥವಾಗದು. ಫ್ರಾನ್ಸಿನ ಪಾಮರ್ ಎಂಬಾತ 1848ರಲ್ಲಿ ಹಕ್ಕುಪತ್ರ ಪಡೆದ ಈ ಉಪಕರಣದ ಮೂಲತತ್ತ್ವ ಒಂದು ತಿರುಪು. ತಿರುಪನ್ನು ಒಂದು ಸುತ್ತು ತಿರುಗಿಸಿದರೆ ಅದು ಅರ್ಧ ಮಿಲಿಮೀಟರ್ ಮುಂದೆ ಸರಿಯುತ್ತದೆ. ತಿರುಗುವ ಓಲೆಯ ಅಂಚಿನಲ್ಲಿ ಐವತ್ತು ಗೆರೆಗಳು. ಆದ್ದರಿಂದ ಒಂದು ಗೆರೆಗೆ ಮಿಲಿಮೀಟರಿನ ನೂರನೆಯ ಒಂದು ಪಾಲು. ತಿರುಗದ ಕೊಳವೆಯ ಮೇಲೆ ಪೂರ್ಣ ಮಿಲಿಮೀಟರಿನ ಗೆರೆಗಳು ಒಂದು ಕಡೆಗೂ ಅರ್ಧ ಮಿಲಿಮೀಟರಿನ ಗೆರೆಗಳು ಇನ್ನೊಂದು ಕಡೆಗೂ ಇರುತ್ತವೆ. ಓಲೆ ಒಂದು ಸುತ್ತನ್ನು ಮುಗಿಸುವ ಹೊತ್ತಿಗೆ, ಇನ್ನೂ ನಾಲ್ಕೈದು ಗೆರೆ ಬಾಕಿಯಿರುವಾಗಲೇ, ಮುಂದಿನ ಅರ್ಧ ಗೆರೆ ಅದರ ಅಂಚಿನಲ್ಲಿ ಇಣುಕಿ ನೋಡತೊಡಗುತ್ತದೆ. ಅದನ್ನು ಲೆಕ್ಕಕ್ಕೆ ಸೇರಿಸಿದರೆ ಅಳತೆ ಅರ್ಧ ಮಿಲಿಮೀಟರ್ ತಪ್ಪಿತು.

“ಈ ಅರ್ಧ ಗೆರೆ ಅನ್ನೋನು ಕಳ್ಳ ಕಣಪ್ಪ. ಬರದೆ ಇದ್ದಾಗ್ಲೂ ಬಂದೆ ಅಂತಾನೆ. ಅವನ ಮಾತು ನಂಬ್ಬೇಡ. ಮೊದ್ಲು ವರ್ನಿಯರ್ ಇಟ್ಟು ನೋಡು, ಆಮೇಲೆ ಇದನ್ನ ಇಡು” ಎಂದು ಮೇಸ್ತ್ರಿಗಳು ಒಂದಲ್ಲ ಮೂರು ಸಲ ಹೇಳಿದ್ದರು.

ನಾಲ್ಕನೆಯ ವಾರದ ಶನಿವಾರ. ಎಂಟು ದಂಡಗಳ ಒಂದು ತಂಡ ಸೋಮವಾರ ಗ್ರೈಂಡಿಂಗ್ ವಿಭಾಗಕ್ಕೆ ಹೋಗಬೇಕಾಗಿತ್ತು. ದಂಡದ ಕೊನೆಯ ಅಳತೆ 40 ಮಿಲಿಮೀಟರ್. ಸಾಣೆ ಹಿಡಿಯುವುದಕ್ಕೆಂದು ನಾವು 0.40 ಬಿಟ್ಟು 40.40ಕ್ಕೆ ಕಡೆದು ಕೊಡಬೇಕು. ಏಳು ಮುಗಿದಿದ್ದವು. ಎಂಟನೆಯದು ಮುಗಿಯುತ್ತ ಬಂದಾಗ ಯಾರೋ ಬಂದು ಮೇಸ್ತ್ರಿಗಳನ್ನು ಕರೆದರು. ತರಬೇತಿಯ ಹುಡುಗರು ಯಂತ್ರವನ್ನು ಮುಟ್ಟಕೂಡದೆಂಬುದು ಕಾರ್ಖಾನೆಯ ನಿಯಮ. ಅದನ್ನು ಅವರು ಕಳೆದ ಹತ್ತು ದಿನಗಳಿಂದಲೂ ಮೆಲ್ಲಗೆ ಮುರಿಯುತ್ತ ಬಂದಿದ್ದರು. ಅಂದೂ “ಅಳೆದು ನೋಡಿ ಕೊನೇ ಕಟ್ ಹಾಕು, ಈಗ ಬಂದೆ” ಎಂದು ಹೇಳಿ ಹೋದರು.

ನನ್ನ ಎದೆ ಉಬ್ಬಿತು. ಯಂತ್ರವನ್ನು ನಿಲ್ಲಿಸಿ, ದಂಡ ಆರುವ ತನಕ ಕಾದು, ಮೈಕ್ರೊಮೀಟರನ್ನು ಇಟ್ಟೆ. 40.96 ಎಂದು ಓದಿದೆ. ವರ್ನಿಯರ್ ಪಕ್ಕದ ಹಲಗೆಯ ಮೇಲೆಯೇ ಇತ್ತು. ಅದನ್ನು ತೆಗೆದುಕೊಳ್ಳುವುದು ಆರಂಭಿಕರ ಕೆಲಸವೆಂದು ನನಗೆ ತೋರಿತು. 40.96ರಲ್ಲಿ 40.40 ಕಳೆದರೆ 0.56, ದಂಡದ ಎರಡು ಮಗ್ಗುಲಿಗೂ ಹಂಚಿದರೆ ಉಳಿ 0.28 ಮುಂದೆ ಹೋಗಬೇಕು. ಲೆಕ್ಕ ಸರಿಯಾಗಿತ್ತು. ಹಿಡಿಯನ್ನು ತಿರುಗಿಸಿದೆ; ಯಂತ್ರ ಹಾಡಿತು; ನೀಲಿಯ ಸುರುಳಿ ಉದ್ದಕ್ಕೆ ಇಳಿಯಿತು. ಆರಿದ ಮೇಲೆ ಮತ್ತೆ ಅಳೆದೆ. ಓಲೆಯ ಮೇಲೆ ನಲವತ್ತನೆಯ ಗೆರೆ ಸರಿಯಾಗಿ ಬಂದು ಕೂತಿತ್ತು. 40.40! ಮೇಸ್ತ್ರಿಗಳು ಬರುತ್ತಿರುವುದನ್ನು ಕಂಡು ದೂರದಿಂದಲೇ ಕೂಗಿ ಹೇಳಿದೆ.

ಅವರು ಮೈಕ್ರೊಮೀಟರನ್ನು ಕೈಗೆತ್ತಿಕೊಳ್ಳುವುದಕ್ಕೆ ಮುಂಚೆಯೇ ಉಳಿಯನ್ನು ಸರಿಸುವ ಹಿಡಿಯ ಅಂಕೆಗಳ ಮೇಲೆ ಕಣ್ಣು ಹಾಯಿಸಿದರು. ಏಳು ದಂಡಗಳಿಗೂ ಆ ಅಂಕೆ ಒಂದೇ ಕಡೆ ನಿಂತಿತ್ತು. ಎಂಟನೆಯದಕ್ಕೆ ಕಾಲು ಮಿಲಿಮೀಟರ್ ಮುಂದೆ ಹೋಗಿತ್ತು. ಅವರ ಮುಖದಿಂದ ನಗೆ ಇಳಿಯಿತು. ವರ್ನಿಯರನ್ನು ಇಟ್ಟು ನೋಡಿದರು, ಮೈಕ್ರೊಮೀಟರನ್ನು ಇಟ್ಟು ನೋಡಿದರು, ಅದನ್ನು ಮರದ ಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚಳ ಹಾಕಿದರು.

“ಮೂವತ್ತೊಂಬತ್ತು ಪಾಯಿಂಟ್ ತೊಂಬತ್ತು” ಎಂದರು. ಅಷ್ಟೆ.

ಮೊದಲು ಅಳೆದಾಗ ದಂಡ ಇದ್ದುದು 40.46. ಇಣುಕಿ ನೋಡುತ್ತಿದ್ದ ಅರ್ಧ ಗೆರೆಯನ್ನು ನಾನು ಬಂದಿತೆಂದು ಎಣಿಸಿದ್ದೆ. ಎರಡನೆಯ ಸಲ ಅಲ್ಲಿ ಕಣ್ಣಿಗೆ ಮೋಸಮಾಡುವ ಗೆರೆ ಕೂಡ ಇರಲಿಲ್ಲ, 40.40 ಕಾಣಬೇಕೆಂದು ಮನಸ್ಸು ಬಯಸಿತ್ತು, ಕಣ್ಣು ಅದನ್ನು ಕಾಣಿಸಿಕೊಟ್ಟಿತು. ಕಡೆದು ತೆಗೆದ ಉಕ್ಕನ್ನು ಮತ್ತೆ ಅಂಟಿಸುವ ವಿದ್ಯೆ ಆ ದಂಡದ ವಿಷಯದಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. ಅದು ಗುಜರಿಗೆ ಹೋಗಬೇಕಾಗಿತ್ತು.

ಸೋಮವಾರ ಬೆಳಿಗ್ಗೆ ಮೇಲ್ವಿಚಾರಕರು ತಿರಸ್ಕಾರದ ಚೀಟಿಯನ್ನು ಹಿಡಿದು ಬಂದರು. ಅದರಲ್ಲಿ ಕಾರಣವನ್ನು ಬರೆಯುವ ಒಂದು ಅಂಕಣ, ಕೆಲಸಗಾರನ ಹೆಸರಿಗೆ ಒಂದು ಅಂಕಣ.

“ಏನ್ ಮೇಸ್ತ್ರಿಗಳೇ, ನಿಮ್ಮ ಕೈಯಲ್ಲಿ ಇಂಥಾದ್ದು?”

“ವಯಸ್ಸಾಯ್ತಲ್ಲ ಸ್ವಾಮಿ. ಕಣ್ಣು ಸ್ವಲ್ಪ ಮಂಜು. ನನ್ನದೇ ತಪ್ಪು, ಬರ್ಕೊಳ್ಳಿ.”

ನಾನು ಅವರಿಂದ ಐದು ಅಡಿ ದೂರದಲ್ಲಿ ನಿಂತಿದ್ದೆ. ನನ್ನ ಬಾಯಿ ಒಣಗಿತ್ತು. ‘ಅವರಲ್ಲ, ನಾನು’ ಎಂಬ ಎರಡು ಪದಗಳು ಸಾಕಾಗಿದ್ದವು. ಮೇಲ್ವಿಚಾರಕರು ಬರೆದರು, ಮೇಸ್ತ್ರಿಗಳು ರುಜು ಹಾಕಿದರು, ನಾನು ನೆಲದ ಮೇಲಿನ ಸುರುಳಿಗಳನ್ನು ಕೊಕ್ಕೆಯಿಂದ ಎಳೆಯತೊಡಗಿದೆ.

ಆ ತಿಂಗಳ ಪ್ರೋತ್ಸಾಹಧನದಲ್ಲಿ ಅವರಿಗೆ ಒಂದಿಷ್ಟು ಕಡಿತವಾದೀತು, ಅಲ್ಲಿಗೆ ಮುಗಿಯಿತು ಎಂದು ನಾನು ಭಾವಿಸಿದ್ದೆ. ಹಾಗಾಗಲಿಲ್ಲ. ಕಣ್ಣು ಮಂಜೆಂಬ ಮಾತು ಕಚೇರಿಯವರೆಗೆ ಹೋಯಿತು. ಐವತ್ತಾರರ ವಯಸ್ಸಿನವರನ್ನು ವೈದ್ಯರ ಬಳಿಗೆ ಕಳುಹಿಸಿದರೆ ಕಣ್ಣಿನಲ್ಲಿ ಏನೂ ದೋಷವಿಲ್ಲವೆಂದು ಹೇಳಿಸಿಕೊಂಡು ಬರುವುದು ಕಷ್ಟ. ಮುಂದಿನ ವಾರ ಅವರನ್ನು ಲೇತ್‌ನಿಂದ ತೆಗೆದು ಉಪಕರಣಗಳ ಉಗ್ರಾಣಕ್ಕೆ ಹಾಕಿದರು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಉಕ್ಕಿನ ನಾದವನ್ನು ಕೇಳಿದ ಮನುಷ್ಯ, ಜಾಲರಿಯ ಕಿಟಕಿಯ ಹಿಂದೆ ಕುಳಿತು, ಹಿತ್ತಾಳೆಯ ಬಿಲ್ಲೆಗಳನ್ನು ತೆಗೆದುಕೊಂಡು ಉಳಿಗಳನ್ನೂ ಡ್ರಿಲ್ಲುಗಳನ್ನೂ ಎಣಿಸಿ ಕೊಡತೊಡಗಿದರು. ಅವರ ಲೇತ್‌ನಲ್ಲಿ ಬೇರೊಬ್ಬರು ನಿಂತರು.

ಎರಡು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಉಗ್ರಾಣದ ಕಿಟಕಿಯ ಮುಂದೆ ಹೋಗಿ ನಿಂತೆ.

“ಮೇಸ್ತ್ರಿಗಳೇ, ನಾನು ಆಫೀಸಿಗೆ ಹೋಗಿ ನಿಜ ಹೇಳಿಬಿಡ್ತೀನಿ.”

ಅವರು ಕನ್ನಡಕವನ್ನು ತೆಗೆದು ಅಂಗಿಯ ತುದಿಯಿಂದ ಒರೆಸಿದರು. “ಹೇಳಿದ್ರೆ ಏನಾಗುತ್ತೆ ಗೊತ್ತಾ? ಹುಡುಗನ ಕೈಗೆ ಮಿಷನ್ ಯಾಕೆ ಕೊಟ್ಟೆ ಅಂತ ನನ್ನ ಕೇಳ್ತಾರೆ. ಅದೂ ನನ್ನ ತಪ್ಪೇ. ಇನ್ ಮೇಲೆ ಕಾಲೇಜಿಂದ ಬರೋ ಒಂದು ಹುಡುಗನ್ನೂ ಮಿಷನ್ ಹತ್ರ ಬಿಡಲ್ಲ. ಎಲ್ಲಾರೂ ಆರು ವಾರ ಕಸ ಗುಡಿಸಿ, ಸರ್ಟಿಫಿಕೇಟ್ ಇಸ್ಕೊಂಡು ಹೋಗ್ತಾರೆ. ಅಂಥ ಇಂಜಿನಿಯರ್‌ಗಳು ನಾಳೆ ನಮ್ಮ ಮೇಲೆ ಬಂದು ಕೂತ್ಕೊತಾರೆ.” ಸ್ವಲ್ಪ ತಡೆದು, “ನಾನು ಕಲಿಯೋವಾಗ ಎಷ್ಟು ಕೆಡಿಸಿದ್ದೀನಿ ಅಂತ ನಿನಗೆ ಗೊತ್ತಿಲ್ಲ” ಎಂದರು.

ಅವರ ಮಾತಿನಲ್ಲಿ ವಿವೇಕವಿತ್ತು. ಅದು ನನ್ನ ಹೇಡಿತನಕ್ಕೆ ಅನುಕೂಲವಾಗಿಯೂ ಇತ್ತು. ಈ ಎರಡನ್ನೂ ಬೇರ್ಪಡಿಸಿ ನೋಡಲು ನನಗೆ ಇಂದಿಗೂ ಸಾಧ್ಯವಾಗಿಲ್ಲ. ಆರನೆಯ ವಾರದ ಕೊನೆಯಲ್ಲಿ ಕಚೇರಿಗೆ ಕರೆದು ಪ್ರಮಾಣಪತ್ರವನ್ನು ಕೊಟ್ಟರು. “ಹೇಗಿತ್ತು ತರಬೇತಿ?” ಎಂದು ಅಧಿಕಾರಿಗಳು ಕೇಳಿದರು. ಆಗಲೂ ಒಂದು ಅವಕಾಶವಿತ್ತು. “ಬಹಳ ಚೆನ್ನಾಗಿತ್ತು ಸಾರ್” ಎಂದೆ. ಕಾಗದದ ಮೂಲೆಯ ಎಣ್ಣೆಯ ಗುರುತು ಬಿದ್ದದ್ದು ಆ ಗಳಿಗೆಯಲ್ಲಿ.

ಡಿಪ್ಲೊಮಾ ಆಯಿತು, ಪದವಿಯೂ ಆಯಿತು. ನಾನು ಪಾಲಿಟೆಕ್ನಿಕ್ ಒಂದರಲ್ಲಿ ಅಧ್ಯಾಪಕನಾದೆ. ಐದು ವರ್ಷಗಳ ಮೇಲೆ ಧೈರ್ಯ ತಂದುಕೊಂಡು ಪೀಣ್ಯಕ್ಕೆ ಹೋದಾಗ ಮೇಸ್ತ್ರಿಗಳು ನಿವೃತ್ತರಾಗಿ ಊರಿಗೆ ಹೋಗಿದ್ದರು. ಊರು ಮಾಗಡಿಯ ಕಡೆ ಎಂದು ಯಾರೋ ಹೇಳಿದರು. ಹಳ್ಳಿಯ ಹೆಸರನ್ನು ಬಲ್ಲವರು ಸಿಕ್ಕಲಿಲ್ಲ. ನಾನೂ ಬಹಳ ಹುಡುಕಲಿಲ್ಲ. ಹುಡುಕಿ ಕಂಡಿದ್ದರೆ ಏನು ಹೇಳುತ್ತಿದ್ದೆನೋ ತಿಳಿಯದು.

ಈಗ ಕಾಲ ಬದಲಾಗಿದೆ. ಆಗ ರಜೆಯ ಅತಿಥಿಗಳಾಗಿದ್ದ ವಿದ್ಯಾರ್ಥಿಗಳಿಗೆ ಈಗ ಇಂಟರ್ನ್‌ಶಿಪ್ ಎಂಬುದು ಪಠ್ಯಕ್ರಮದ ಅಂಗವೇ ಆಗಿದೆ. ಅದಕ್ಕೆ ಅಂಕಗಳಿವೆ, ವರದಿಯಿದೆ, ಮೌಖಿಕ ಪರೀಕ್ಷೆಯಿದೆ. ಸರ್ಕಾರವೂ 2024ರಲ್ಲಿ ತರುಣರನ್ನು ದೊಡ್ಡ ಸಂಸ್ಥೆಗಳಿಗೆ ಕಳುಹಿಸುವ ಯೋಜನೆಯೊಂದನ್ನು ಪ್ರಕಟಿಸಿ, ತಿಂಗಳಿಗೆ 5,000 ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಿತು. ಕಾರ್ಖಾನೆಗಳಲ್ಲಿ ಗಣಕ ನಡೆಸುವ ಲೇತ್‌ಗಳು ಬಂದಿವೆ. ಮೈಕ್ರೊಮೀಟರೂ ಈಗ ಅಂಕೆಗಳನ್ನು ತಾನೇ ತೋರಿಸುತ್ತದೆ, 40.46 ಇದ್ದರೆ 40.46 ಎಂದೇ ಹೇಳುತ್ತದೆ. ಅರ್ಧ ಗೆರೆಯ ಕಳ್ಳ ಅಲ್ಲಿಂದ ಓಡಿಹೋಗಿದ್ದಾನೆ. ಆದರೆ ವಿದ್ಯಾರ್ಥಿಗಳ ವರದಿಗಳನ್ನು ಓದುವಾಗ ಅವನು ಅಲ್ಲಿ ಮನೆ ಮಾಡಿಕೊಂಡಿದ್ದಾನೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಒಬ್ಬರದನ್ನು ನೋಡಿ ಒಬ್ಬರು ಬರೆದ ನುಣುಪಾದ ಪುಟಗಳು. ಕಾರ್ಖಾನೆಯ ಇತಿಹಾಸ, ಯಂತ್ರಗಳ ಪಟ್ಟಿ, ಕೊನೆಯಲ್ಲಿ ಕೃತಜ್ಞತೆ. ಹೋಗದೆ ಇದ್ದವರೂ ಹೋದೆವೆನ್ನುತ್ತಾರೆ. ಅವರನ್ನು ಬೈಯುವ ಅಧಿಕಾರ ನನಗಿರಲಿಲ್ಲ. ನನ್ನ ಪೆಟ್ಟಿಗೆಯಲ್ಲಿದ್ದ ಕಾಗದ ನನ್ನನ್ನು ಸುಮ್ಮನಾಗಿಸುತ್ತಿತ್ತು.

ಅದಕ್ಕೇ ನಾನು ಮೌಖಿಕ ಪರೀಕ್ಷೆಯಲ್ಲಿ ಒಂದೇ ಪ್ರಶ್ನೆಯನ್ನು ತಪ್ಪದೆ ಕೇಳುತ್ತ ಬಂದೆ: “ಅಲ್ಲಿ ನೀನು ಏನನ್ನು ಕೆಡಿಸಿದೆ?” ಮಕ್ಕಳು ಕಕ್ಕಾಬಿಕ್ಕಿಯಾಗುತ್ತಿದ್ದರು. “ಏನೂ ಇಲ್ಲ ಸಾರ್” ಎಂಬುದೇ ಸಾಮಾನ್ಯವಾದ ಉತ್ತರ. ಅವರಲ್ಲಿ ಬಹುಮಂದಿಯ ಮಟ್ಟಿಗೆ ಅದು ನಿಜವೂ ಹೌದು. ಯಾರೂ ಅವರ ಕೈಗೆ ಏನನ್ನೂ ಕೊಟ್ಟಿರುವುದಿಲ್ಲ. ಮೇಸ್ತ್ರಿಗಳು ಹೆದರಿದ್ದು ಇದಕ್ಕೇ.

ನಾನು ಸೇವೆಯಿಂದ ನಿವೃತ್ತನಾಗುವುದಕ್ಕೆ ಮುಂಚಿನ ಕೊನೆಯ ಪರೀಕ್ಷೆಯಲ್ಲಿ ಒಬ್ಬ ಹುಡುಗಿ ನನ್ನ ಪ್ರಶ್ನೆಗೆ ಸ್ವಲ್ಪ ಹೊತ್ತು ತಲೆತಗ್ಗಿಸಿ ಕುಳಿತಳು. ಆಮೇಲೆ ಹೇಳಿದಳು: “ಹನ್ನೊಂದು ಪೀಸ್ ಸಾರ್. ಟೂಲ್ ಸವೆತದ ತಿದ್ದುಪಡಿ ಹಾಕೋವಾಗ ಮೈನಸ್ ಬದಲು ಪ್ಲಸ್ ಒತ್ತಿಬಿಟ್ಟೆ. ಮೊದಲನೇದನ್ನ ಅಳೀದೆ ಹಾಗೇ ಓಡಿಸಿದೆ. ಆಪರೇಟರ್ ಅಣ್ಣ ತಾನೇ ಮಾಡಿದ್ದು ಅಂತ ಬರೆಸ್ತೀನಿ ಅಂದ್ರು. ನಾನೇ ಹೋಗಿ ಇನ್‌ಚಾರ್ಜ್‌ಗೆ ಹೇಳ್ದೆ.”

“ಏನಂದರು?”

“ತುಂಬಾ ಬೈದ್ರು ಸಾರ್. ಎರಡು ದಿನ ಮಿಷನ್ ಮುಟ್ಟೋಕೆ ಬಿಡ್ಲಿಲ್ಲ. ಮೂರನೇ ದಿನ ಅವರೇ ಪಕ್ಕದಲ್ಲಿ ನಿಂತು ಮತ್ತೆ ಹಾಕ್ಸಿದ್ರು. ಇದನ್ನ ವರದೀಲಿ ಬರೆದಿದ್ದೀನಿ, ಹದಿನೇಳನೇ ಪುಟದಲ್ಲಿ.”

ಪುಟವನ್ನು ತೆರೆದು ನೋಡಿದೆ. ಬರೆದಿತ್ತು. ಪಕ್ಕದಲ್ಲಿ ಕುಳಿತಿದ್ದ ಪರೀಕ್ಷಕರು ಮುಂದಿನ ಪ್ರಶ್ನೆಗಾಗಿ ನನ್ನ ಮುಖವನ್ನು ನೋಡುತ್ತಿದ್ದರು. ನನ್ನ ಬಳಿ ಬೇರೆ ಪ್ರಶ್ನೆಯಿರಲಿಲ್ಲ. ಅಂಕಗಳ ಹಾಳೆಯಲ್ಲಿ ಪೂರ್ಣಾಂಕವನ್ನು ಬರೆದು ರುಜು ಹಾಕಿದೆ. ಆ ಹುಡುಗಿ ಮೂರು ದಿನಗಳಲ್ಲಿ ಮುಗಿಸಿದ ಕೆಲಸವನ್ನು ಈ ಲೇಖನದ ಮೂಲಕ ಮುಗಿಸಲು ನನಗೆ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಮೇಸ್ತ್ರಿಗಳ ಕಣ್ಣು ಚೆನ್ನಾಗಿಯೇ ಇತ್ತು. ಎಂಟನೆಯ ದಂಡವನ್ನು ಕೆಡಿಸಿದವನು ನಾನು.